ಸಕ್ಕರೆಯ ಗುಳಿಗೆ, ಅಂಡಾಶಯದ ಕಾಯಿಲೆ

ಪಿಸಿಒಎಸ್ ಎಂಬ ಹ್ರಸ್ವನಾಮದಿಂದಲೇ ಈಗ ಬಹುಪಾಲು ಜನರಿಗೆ ಪರಿಚಿತವಾಗಿರುವ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್‌ಗೆ ಚಿಕಿತ್ಸೆ ಪಡೆಯುತ್ತಿರುವ ಅನೇಕ ಹೆಣ್ಣುಮಕ್ಕಳ ಔಷಧಚೀಟಿಯಲ್ಲಿ ಮೆಟ್‌ಫಾರ್ಮಿನ್ ಎಂಬ ಹೆಸರು ಕಾಣಿಸುತ್ತದೆ. ಇದು ಎರಡನೆಯ ಬಗೆಯ ಮಧುಮೇಹಕ್ಕೆಂದು ಕೊಡುವ ಔಷಧ. ಅದೇ ಮನೆಯಲ್ಲಿ ಅಜ್ಜಿಯೋ ತಂದೆಯೋ ವರ್ಷಗಳಿಂದ ನುಂಗುತ್ತಿರುವ ಗುಳಿಗೆಯೇ ಇಪ್ಪತ್ತೆರಡರ ಮಗಳ ಕೈಗೂ ಬಂದಾಗ, ಅವಳ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಸರಿಯಾಗಿಯೇ ಇದ್ದರೂ, ಮನೆಮಂದಿ ಗಾಬರಿಯಾಗುವುದು ಸಹಜ. ಕೆಲವರು ಮಗಳಿಗೂ ಸಕ್ಕರೆ ಕಾಯಿಲೆ ಅಂಟಿಕೊಂಡಿತೆಂದು ಹೆದರಿ ಗುಳಿಗೆಯನ್ನು ಅರ್ಧಕ್ಕೇ ಬಿಡಿಸುತ್ತಾರೆ, ಇನ್ನು ಕೆಲವರು ಮುಟ್ಟು, ತೂಕ, ಮೊಡವೆ, ಮುಖದ ಕೂದಲು ಎಲ್ಲವೂ ಇದೊಂದರಿಂದಲೇ ಸರಿಹೋಗುತ್ತದೆಂದು ನಂಬಿ ಮೂರು ತಿಂಗಳಲ್ಲಿ ನಿರಾಶರಾಗುತ್ತಾರೆ. ಈ ಔಷಧ ಯಾವ ಕೆಲಸವನ್ನು ಮಾಡಬಲ್ಲದು, ಯಾವುದನ್ನು ಮಾಡಲಾರದು ಎಂಬುದು ತಿಳಿಯಬೇಕಾದರೆ ಅಂಡಾಶಯಕ್ಕೂ ಇನ್ಸುಲಿನ್‌ಗೂ ಇರುವ ಸಂಬಂಧವನ್ನು ಮೊದಲು ಬಿಡಿಸಿ ನೋಡಬೇಕಾಗುತ್ತದೆ.

ವೈದ್ಯವಿಜ್ಞಾನ ಆ ಸಂಬಂಧವನ್ನು ಗುರುತಿಸಿದ್ದು ತೀರ ತಡವಾಗಿ. ಷಿಕಾಗೋದ ಸ್ತ್ರೀರೋಗತಜ್ಞರಾದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್ 1935ರಲ್ಲಿ ಏಳು ಮಂದಿ ಹೆಂಗಸರ ವಿವರಗಳನ್ನು ಪ್ರಕಟಿಸಿದಾಗ ಅವರ ಕಣ್ಣಿದ್ದದ್ದು ಅಂಡಾಶಯದ ಮೇಲೆಯೇ: ಮುಟ್ಟು ತಪ್ಪುತ್ತಿದ್ದ, ಮಕ್ಕಳಾಗದ, ಕೆಲವರಲ್ಲಿ ಮೈಮೇಲೆ ಗಂಡಸರಂತೆ ಕೂದಲು ಬೆಳೆದಿದ್ದ ಆ ಹೆಂಗಸರ ಅಂಡಾಶಯಗಳು ಊದಿಕೊಂಡು, ಹೊರಪದರ ದಪ್ಪವಾಗಿ, ಅದರ ಕೆಳಗೆ ಸಣ್ಣ ಸಣ್ಣ ನೀರುಗುಳ್ಳೆಗಳ ಸಾಲು ಕಾಣುತ್ತಿತ್ತು. ಅಂಡಾಶಯದ ಒಂದು ಭಾಗವನ್ನು ಬೆಣೆಯಾಕಾರದಲ್ಲಿ ಕತ್ತರಿಸಿ ತೆಗೆದರೆ ಮುಟ್ಟು ಮರಳುತ್ತದೆಂದು ಅವರು ತೋರಿಸಿಕೊಟ್ಟರು, ಮುಂದಿನ ಹಲವು ದಶಕಗಳ ಕಾಲ ಶಸ್ತ್ರಚಿಕಿತ್ಸೆಯೇ ಇದರ ಮುಖ್ಯ ಉಪಾಯವಾಗಿ ಉಳಿಯಿತು. ಆದರೆ ಅದಕ್ಕೂ ಮೊದಲೇ, 1921ರಲ್ಲಿ, ಫ್ರಾನ್ಸಿನ ಆಶಾರ್ ಮತ್ತು ತಿಯೆರ್ ಎಂಬ ವೈದ್ಯರು ಗಡ್ಡ ಬೆಳೆದ ಹೆಂಗಸರಲ್ಲಿ ಮಧುಮೇಹ ಕಾಣಿಸಿಕೊಳ್ಳುವುದನ್ನು ಬರೆದಿಟ್ಟಿದ್ದರು. ಸಕ್ಕರೆಯ ತೊಂದರೆ ಮತ್ತು ಪುರುಷ ಹಾರ್ಮೋನ್‌ನ ಅತಿರೇಕ ಒಂದೇ ದೇಹದಲ್ಲಿ ಜೊತೆಯಾಗಿ ಇರುತ್ತವೆಂಬ ಸುಳಿವು ಅಲ್ಲಿತ್ತಾದರೂ ಈ ಎರಡೂ ಬರಹಗಳನ್ನು ಒಟ್ಟಿಗೆ ಇಟ್ಟು ನೋಡಿದವರು ವಿರಳ. ಪಿಸಿಒಎಸ್ ಇರುವ ಹೆಂಗಸರ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದ್ದಷ್ಟೂ ಪುರುಷ ಹಾರ್ಮೋನ್ ಕೂಡ ಹೆಚ್ಚಿರುತ್ತದೆಂದು ಬರ್ಗೆನ್ ಮತ್ತು ಸಂಗಡಿಗರು 1980ರಲ್ಲಿ ಅಳೆದು ತೋರಿಸಿದ ಮೇಲೆಯೇ ಈ ಕಾಯಿಲೆಯ ಚರಿತ್ರೆ ಬೇರೆ ದಿಕ್ಕಿಗೆ ಹೊರಳಿತು. ಅಂದಹಾಗೆ, ಸ್ಟೈನ್ ಮತ್ತು ಲೆವೆಂಥಾಲ್ ಕಂಡ ನೀರುಗುಳ್ಳೆಗಳು ನಿಜವಾದ ಗುಳ್ಳೆಗಳಲ್ಲ. ಅಂಡಾಣುವನ್ನು ಹೊತ್ತು ಬೆಳೆಯುವ ಕೋಶಿಕೆಗಳು ಅರ್ಧದಾರಿಯಲ್ಲಿ ನಿಂತುಹೋಗಿ ಹಾಗೆ ಕಾಣುತ್ತವೆ. ಸ್ಕ್ಯಾನಿಂಗ್ ವರದಿಯಲ್ಲಿ ಅವುಗಳನ್ನು ಕಂಡು ಗಡ್ಡೆಯೆಂದು ಹೆದರುವವರಿಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್, ಊಟದ ನಂತರ ರಕ್ತದಲ್ಲಿ ಏರುವ ಗ್ಲೂಕೋಸನ್ನು ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳು ಒಳಗೆಳೆದುಕೊಳ್ಳುವಂತೆ ಮಾಡುತ್ತದೆ, ಜೊತೆಗೆ ಯಕೃತ್ತು ತಾನಾಗಿ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುವುದನ್ನು ತಡೆಯುತ್ತದೆ. ಸ್ನಾಯುಗಳೂ ಯಕೃತ್ತೂ ಈ ಸಂದೇಶಕ್ಕೆ ಸರಿಯಾಗಿ ಓಗೊಡದ ಸ್ಥಿತಿಗೆ ಇನ್ಸುಲಿನ್ ಪ್ರತಿರೋಧ ಎಂದು ಹೆಸರು. ಆಗ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಕೆಲಸ ಸಾಧಿಸುತ್ತದೆ, ಹಾಗೆ ಸಾಧಿಸುವ ಶಕ್ತಿ ಅದಕ್ಕಿರುವವರೆಗೆ ಸಕ್ಕರೆಯ ಪರೀಕ್ಷೆಯಲ್ಲಿ ಏನೂ ಕಾಣದು. ಅಮೆರಿಕದ ಆಂಡ್ರಿಯಾ ಡುನೈಫ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದಂತೆ ಪಿಸಿಒಎಸ್ ಇರುವವರಲ್ಲಿ ಈ ಪ್ರತಿರೋಧ ಬೊಜ್ಜಿನಿಂದ ಬರುವುದರ ಜೊತೆಗೆ ಬೊಜ್ಜಿನ ಹಂಗಿಲ್ಲದೆಯೂ ಇರುತ್ತದೆ. ಒಂದೇ ತೂಕದ ಇಬ್ಬರು ಹೆಂಗಸರನ್ನು ಹೋಲಿಸಿದರೆ ಕಾಯಿಲೆ ಇರುವವಳ ಸ್ನಾಯುಗಳೇ ಇನ್ಸುಲಿನ್‌ಗೆ ಹೆಚ್ಚು ಮಂದ.

ಇಲ್ಲಿಯೇ ಒಂದು ಒಗಟು ಎದುರಾಗುತ್ತದೆ. ದೇಹ ಇನ್ಸುಲಿನ್‌ಗೆ ಓಗೊಡುತ್ತಿಲ್ಲವೆಂದ ಮೇಲೆ ಅಂಡಾಶಯ ಮಾತ್ರ ಅದರಿಂದ ಕೆರಳುವುದು ಹೇಗೆ? ಪ್ರತಿರೋಧ ಎಲ್ಲ ಅಂಗಗಳಲ್ಲೂ ಒಂದೇ ಸಮನಾಗಿ ಇರುವುದಿಲ್ಲವೆಂಬುದೇ ಇದಕ್ಕೆ ಉತ್ತರ. ಸ್ನಾಯುಗಳಲ್ಲಿ ಗ್ಲೂಕೋಸ್ ಸೆಳೆಯುವ ಮಾರ್ಗ ಕೆಟ್ಟಿದ್ದರೂ ಅಂಡಾಶಯದಲ್ಲಿ ಹಾರ್ಮೋನ್ ತಯಾರಿಸುವ ಮಾರ್ಗ ಚುರುಕಾಗಿಯೇ ಉಳಿದಿರುತ್ತದೆ. ಕಿವಿ ಮಂದವಾದವರಿಗೆ ಕೇಳಿಸಲೆಂದು ಕೂಗಿದಾಗ ಪಕ್ಕದಲ್ಲಿ ಕುಳಿತ ಚುರುಕು ಕಿವಿಯವರಿಗೆ ತಲೆ ಸಿಡಿಯುವಂತೆ, ಸ್ನಾಯುಗಳಿಗಾಗಿ ಹೆಚ್ಚಿಸಿದ ಇನ್ಸುಲಿನ್‌ನ ಪೂರ್ತಿ ಆಘಾತವನ್ನು ಅಂಡಾಶಯ ಅನುಭವಿಸುತ್ತದೆ. ಪ್ರತಿ ಕೋಶಿಕೆಯ ಹೊರ ಆವರಣದಲ್ಲಿ ಥೀಕಾ ಎಂಬ ಜೀವಕೋಶಗಳಿದ್ದು, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಎಲ್‌ಎಚ್ ಹಾರ್ಮೋನ್‌ನ ಪ್ರೇರಣೆಯಿಂದ ಅವು ಆಂಡ್ರೋಜನ್‌ಗಳನ್ನು, ಅಂದರೆ ಟೆಸ್ಟೋಸ್ಟೆರೋನ್‌ನಂಥ ಪುರುಷ ಹಾರ್ಮೋನ್‌ಗಳನ್ನು ತಯಾರಿಸುತ್ತವೆ. ಇದು ಎಲ್ಲ ಹೆಂಗಸರಲ್ಲೂ ನಡೆಯುವ ಕೆಲಸವೇ, ಏಕೆಂದರೆ ಈಸ್ಟ್ರೋಜನ್ ಹುಟ್ಟುವುದೇ ಆಂಡ್ರೋಜನ್‌ನಿಂದ. ಪಿಸಿಒಎಸ್‌ನಲ್ಲಿ ಎಲ್‌ಎಚ್ ಹೆಚ್ಚಾಗಿರುವುದು ಸಾಮಾನ್ಯ, ಇನ್ಸುಲಿನ್ ಅದರ ಜೊತೆಗೂಡಿ ಥೀಕಾ ಕೋಶಗಳನ್ನು ಇನ್ನಷ್ಟು ದುಡಿಸುತ್ತದೆ, ಅಂಡಾಶಯದೊಳಗೆ ಆಂಡ್ರೋಜನ್ ಮಿತಿಮೀರುತ್ತದೆ, ಕೋಶಿಕೆಗಳು ಕೆಲವೇ ಮಿಲಿಮೀಟರ್ ಬೆಳೆದು ಅಲ್ಲಿಯೇ ನಿಲ್ಲುತ್ತವೆ, ಅಂಡಾಣು ಹೊರಬೀಳುವ ಅಂಡೋತ್ಸರ್ಗ ನಡೆಯದೆ ಮುಟ್ಟು ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತದೆ.

ಇನ್ಸುಲಿನ್‌ನ ಎರಡನೆಯ ಪೆಟ್ಟು ಬೀಳುವುದು ಯಕೃತ್ತಿನಲ್ಲಿ. ಯಕೃತ್ತು ತಯಾರಿಸುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್ ರಕ್ತದಲ್ಲಿ ಹರಿಯುವ ಟೆಸ್ಟೋಸ್ಟೆರೋನನ್ನು ಹಿಡಿದಿಟ್ಟುಕೊಂಡು ಅದು ಅಂಗಾಂಶಗಳ ಮೇಲೆ ಕೆಲಸ ಮಾಡದಂತೆ ನೋಡಿಕೊಳ್ಳುತ್ತದೆ. ಇನ್ಸುಲಿನ್ ಹೆಚ್ಚಿದಾಗ ಈ ಪ್ರೋಟೀನ್‌ನ ತಯಾರಿಕೆ ಇಳಿಯುತ್ತದೆ, ಒಟ್ಟು ಟೆಸ್ಟೋಸ್ಟೆರೋನ್ ಅಷ್ಟೇನೂ ಹೆಚ್ಚದಿದ್ದರೂ ಹಿಡಿತ ತಪ್ಪಿದ ಪಾಲು ಹೆಚ್ಚುತ್ತದೆ. ಗದ್ದದ ಒರಟು ಕೂದಲು, ಮೊಡವೆ, ತಲೆಯ ನಡುವಿನ ಕೂದಲು ತೆಳುವಾಗುವುದು ಇವೆಲ್ಲ ಆ ಪಾಲಿನ ಕೆಲಸ. ಚರ್ಮದ ಜೀವಕೋಶಗಳು ಇನ್ಸುಲಿನ್‌ನ ಅತಿರೇಕಕ್ಕೆ ತಮ್ಮದೇ ರೀತಿಯಲ್ಲಿ ಪ್ರತಿಕ್ರಿಯಿಸುತ್ತವೆ: ಕತ್ತಿನ ಹಿಂಭಾಗ, ಕಂಕುಳು, ತೊಡೆಯ ಸಂದುಗಳಲ್ಲಿ ಚರ್ಮ ದಪ್ಪವಾಗಿ, ಮಖಮಲ್ಲಿನಂತೆ ಮೃದುವಾಗಿ, ಕಪ್ಪಗಾಗುತ್ತದೆ. ಇದು ಕೊಳೆಯೆಂದು ತಿಳಿದು ಕಡಲೆಹಿಟ್ಟು, ನಿಂಬೆರಸ, ಸ್ಕ್ರಬ್‌ಗಳಿಂದ ವರ್ಷಗಟ್ಟಲೆ ಉಜ್ಜುವ ಹುಡುಗಿಯರಿದ್ದಾರೆ, ಸರ ಹಾಕಿದ್ದರಿಂದ ಹೀಗಾಯಿತೆಂದು ಸರವನ್ನೇ ಬಿಟ್ಟವರೂ ಇದ್ದಾರೆ. ಅದು ಒಳಗಿನ ಇನ್ಸುಲಿನ್ ಮಟ್ಟವನ್ನು ಚರ್ಮದ ಮೇಲೆ ಓದಿ ಹೇಳುವ ಗುರುತು, ಉಜ್ಜಿದರೆ ಹೋಗುವುದಿಲ್ಲ.

ವಿಪರ್ಯಾಸವೆಂದರೆ, ಹಣ ತೆತ್ತು ಮಾಡಿಸುವ ಉಪವಾಸದ ಇನ್ಸುಲಿನ್ ಪರೀಕ್ಷೆಗಿಂತ ಇಂಥ ಗುರುತುಗಳನ್ನೂ ಸೊಂಟದ ಸುತ್ತಳತೆಯನ್ನೂ ವೈದ್ಯರು ಹೆಚ್ಚು ನಂಬುತ್ತಾರೆ. ಉಪವಾಸದ ಗ್ಲೂಕೋಸ್ ಮತ್ತು ಇನ್ಸುಲಿನ್ ಸಂಖ್ಯೆಗಳನ್ನು ಗುಣಿಸಿ 405ರಿಂದ ಭಾಗಿಸಿ ಪಡೆಯುವ ಹೋಮಾ ಎಂಬ ಸೂಚ್ಯಂಕ ಸಂಶೋಧನೆಗೆ ಒದಗುತ್ತದೆಯಾದರೂ, ಇನ್ಸುಲಿನ್ ಅಳೆಯುವ ವಿಧಾನಗಳು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬೇರೆಯಾಗುವುದರಿಂದ ಒಬ್ಬ ರೋಗಿಯ ಮಟ್ಟಿಗೆ ಅದರಿಂದ ತಿಳಿಯುವುದು ಕಡಿಮೆ. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2018ರಲ್ಲಿ ಸಿದ್ಧವಾಗಿ 2023ರಲ್ಲಿ ಪರಿಷ್ಕೃತಗೊಂಡ ಅಂತರರಾಷ್ಟ್ರೀಯ ಮಾರ್ಗಸೂಚಿ ಕೂಡ ದಿನನಿತ್ಯದ ಚಿಕಿತ್ಸೆಯಲ್ಲಿ ಇನ್ಸುಲಿನ್ ಪ್ರತಿರೋಧವನ್ನು ಅಳೆಯುವ ಅಗತ್ಯವಿಲ್ಲವೆಂದೇ ಹೇಳುತ್ತದೆ. ಅದರ ಬದಲು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗಳ ನಂತರ ರಕ್ತದ ಸಕ್ಕರೆ ನೋಡುವ ಹಳೆಯ ಪರೀಕ್ಷೆಗೇ ಅದು ಹೆಚ್ಚಿನ ಬೆಲೆ ಕೊಡುತ್ತದೆ, ಏಕೆಂದರೆ ಉಪವಾಸದ ಸಕ್ಕರೆ ಸರಿಯಿರುವಾಗಲೂ ಮಧುಮೇಹದ ಮುನ್ಸೂಚನೆ ಆ ಎರಡನೆಯ ಗಂಟೆಯಲ್ಲಿ ಬಯಲಾಗಬಹುದು.

ಭಾರತೀಯರ ವಿಷಯದಲ್ಲಿ ತೂಕದ ಮಾತನ್ನು ಸ್ವಲ್ಪ ಎಚ್ಚರದಿಂದ ಆಡಬೇಕು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿಎಂಐ ಸಂಖ್ಯೆ ಇಬ್ಬರಲ್ಲಿ ಒಂದೇ ಆಗಿದ್ದರೂ ಯುರೋಪಿನವರಿಗಿಂತ ಭಾರತೀಯರ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಸ್ನಾಯುವಿನ ಪಾಲು ಕಡಿಮೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದರು: ಇಬ್ಬರ ಬಿಎಂಐ ಕೂಡ 22.3, ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ನೋಡಲು ತೆಳ್ಳಗಿರುವ ಹುಡುಗಿಗೆ ಇನ್ಸುಲಿನ್ ಪ್ರತಿರೋಧ ಇರಲಾರದೆಂದು ಹೇಳುವವರು ಈ ಚಿತ್ರವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಹಾಗೆಂದು ಪಿಸಿಒಎಸ್ ಎಂಬ ಹಣೆಪಟ್ಟಿ ಹೊತ್ತವರೆಲ್ಲರಲ್ಲೂ ಪ್ರತಿರೋಧ ಸಮನಾಗಿರುವುದಿಲ್ಲ. ಅನಿಯಮಿತ ಮುಟ್ಟು, ಆಂಡ್ರೋಜನ್‌ನ ಅತಿರೇಕ, ಸ್ಕ್ಯಾನ್‌ನಲ್ಲಿ ಕಾಣುವ ಹಲವು ಕೋಶಿಕೆಗಳು, ಈ ಮೂರರಲ್ಲಿ ಎರಡಿದ್ದರೆ ಸಾಕೆನ್ನುವ 2003ರ ರಾಟರ್‌ಡ್ಯಾಮ್ ಮಾನದಂಡ ಮೊದಲಿಗಿಂತ ಹೆಚ್ಚು ಮಂದಿಯನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಭಾರತದ ಹಲವು ಪ್ರದೇಶಗಳ ಹೆಂಗಸರನ್ನು ಒಳಗೊಂಡು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಳೆಯ, ಬಿಗಿಯಾದ ಮಾನದಂಡದಂತೆ ಶೇ. 7.2 ಮಂದಿಗೆ ಈ ಕಾಯಿಲೆ ಇತ್ತು, ರಾಟರ್‌ಡ್ಯಾಮ್ ಲೆಕ್ಕದಲ್ಲಿ ಶೇ. 19.6 ಮಂದಿಗೆ. ನಡುವಿನ ಅಂತರದಲ್ಲಿ ಸಿಕ್ಕಿಕೊಂಡವರಲ್ಲಿ ಕೆಲವರಿಗೆ, ಅದರಲ್ಲೂ ಆಂಡ್ರೋಜನ್ ಹೆಚ್ಚಿಲ್ಲದವರಿಗೆ, ಇನ್ಸುಲಿನ್ ನಿಯಂತ್ರಿಸುವ ಔಷಧದಿಂದ ಆಗುವ ಉಪಕಾರ ಅಷ್ಟಕ್ಕಷ್ಟೇ.

ಆ ಔಷಧವಾದ ಮೆಟ್‌ಫಾರ್ಮಿನ್‌ನ ಮೂಲ ಒಂದು ಗಿಡ. ಯುರೋಪಿನ ತೇವದ ಬಯಲುಗಳಲ್ಲಿ ಬೆಳೆಯುವ, ನಸುನೇರಳೆ ಹೂವಿನ, ಗಲೇಗಾ ಎಂಬ ದ್ವಿದಳ ಜಾತಿಯ ಗಿಡದಲ್ಲಿರುವ ಗ್ವಾನಿಡಿನ್ ವರ್ಗದ ವಸ್ತುಗಳು ರಕ್ತದ ಸಕ್ಕರೆಯನ್ನು ಇಳಿಸುತ್ತವೆ, ಮಿತಿಮೀರಿದರೆ ವಿಷವೂ ಆಗುತ್ತವೆ. ಅದೇ ವರ್ಗದ ಮೆಟ್‌ಫಾರ್ಮಿನನ್ನು ಡಬ್ಲಿನ್‌ನಲ್ಲಿ ಎಮಿಲ್ ವರ್ನರ್ ಮತ್ತು ಜೇಮ್ಸ್ ಬೆಲ್ 1922ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು. ಇನ್ಸುಲಿನ್ ಚುಚ್ಚುಮದ್ದು ಮೊದಲ ಬಾರಿಗೆ ರೋಗಿಯೊಬ್ಬನನ್ನು ಉಳಿಸಿದ ವರ್ಷವೂ ಅದೇ ಆದ್ದರಿಂದ ಈ ಬಿಳಿಯ ಪುಡಿಯ ಕಡೆಗೆ ಯಾರ ಗಮನವೂ ಹೋಗಲಿಲ್ಲ. ಪ್ಯಾರಿಸ್ಸಿನ ಜ್ಯಾಂ ಸ್ಟರ್ನ್ 1957ರಲ್ಲಿ ಮಧುಮೇಹಿಗಳ ಮೇಲೆ ಅದರ ಪರಿಣಾಮವನ್ನು ಪ್ರಕಟಿಸಿ ಗ್ಲೂಕೋಫಾಜ್ ಎಂದು ಹೆಸರಿಟ್ಟರು. ಅದರ ದಾಯಾದಿಯಾದ ಫೆನ್‌ಫಾರ್ಮಿನ್ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಸಿ ಜೀವ ತೆಗೆಯುತ್ತಿದೆಯೆಂದು 1970ರ ದಶಕದ ಕೊನೆಯಲ್ಲಿ ಅನೇಕ ದೇಶಗಳ ಮಾರುಕಟ್ಟೆಯಿಂದ ಹೊರಬಿದ್ದಾಗ ಮೆಟ್‌ಫಾರ್ಮಿನ್‌ಗೂ ಆ ಕಳಂಕ ತಟ್ಟಿತು, ಅಮೆರಿಕ ಅದನ್ನು ಒಪ್ಪಿಕೊಂಡದ್ದು 1994ರ ಡಿಸೆಂಬರ್‌ನಲ್ಲಿ.

ಮೆಟ್‌ಫಾರ್ಮಿನ್ ಮುಖ್ಯವಾಗಿ ಕೆಲಸ ಮಾಡುವುದು ಯಕೃತ್ತಿನಲ್ಲಿ ಮತ್ತು ಕರುಳಿನಲ್ಲಿ. ಜೀವಕೋಶಗಳ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಗಳ ಕೆಲಸವನ್ನು ಅದು ಸ್ವಲ್ಪ ಕುಗ್ಗಿಸುತ್ತದೆ, ಶಕ್ತಿಯ ಕೊರತೆ ಕಂಡ ಯಕೃತ್ತು ಗ್ಲೂಕೋಸ್ ತಯಾರಿಕೆಯಂಥ ದುಬಾರಿ ಕೆಲಸವನ್ನು ಕಡಿಮೆ ಮಾಡುತ್ತದೆ. ರಕ್ತಕ್ಕೆ ಬಂದು ಬೀಳುವ ಗ್ಲೂಕೋಸ್ ಇಳಿದಾಗ ಅದನ್ನು ನಿಭಾಯಿಸಲು ಬೇಕಾದ ಇನ್ಸುಲಿನ್ ಕೂಡ ಇಳಿಯುತ್ತದೆ, ಪಿಸಿಒಎಸ್‌ನಲ್ಲಿ ಬೇಕಾದದ್ದು ಈ ಎರಡನೆಯ ಇಳಿತವೇ. ಮೇದೋಜೀರಕ ಗ್ರಂಥಿಯನ್ನು ಕೆರಳಿಸಿ ಇನ್ಸುಲಿನ್ ಹೊರಡಿಸುವ ಇತರ ಮಧುಮೇಹದ ಗುಳಿಗೆಗಳು ಇಲ್ಲಿ ಕೆಲಸಕ್ಕೆ ಬಾರದಿರುವುದು, ಬಂದರೂ ಕೆಡುಕನ್ನೇ ಮಾಡಬಹುದಾದದ್ದು ಈ ಕಾರಣದಿಂದ. ಸಕ್ಕರೆ ಸರಿಯಿರುವವಳು ಈ ಗುಳಿಗೆ ನುಂಗಿದರೆ ಸಕ್ಕರೆ ತೀರ ಕುಸಿದು ತಲೆಸುತ್ತಿ ಬೀಳುತ್ತಾಳೆಂಬ ಭಯ ಸಾಮಾನ್ಯವಾಗಿದ್ದರೂ, ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡಾಗ ಹಾಗಾಗುವುದು ಬಹಳ ಅಪರೂಪ.

ವೆನೆಜುವೆಲಾದ ಮೆರಿದಾ ನಗರದಲ್ಲಿ ವೆಲಾಸ್ಕೆಸ್ ಮತ್ತು ಸಂಗಡಿಗರು 26 ಮಂದಿ ಹೆಂಗಸರಿಗೆ ದಿನಕ್ಕೆ ಒಂದೂವರೆ ಗ್ರಾಂನಂತೆ ಎಂಟು ವಾರ ಈ ಔಷಧ ಕೊಟ್ಟು 1994ರಲ್ಲಿ ಪ್ರಕಟಿಸಿದ ಫಲಿತಾಂಶದಿಂದ ಪಿಸಿಒಎಸ್‌ನಲ್ಲಿ ಇದರ ಬಳಕೆ ಆರಂಭವಾಯಿತು: ಇನ್ಸುಲಿನ್ ಇಳಿಯಿತು, ಟೆಸ್ಟೋಸ್ಟೆರೋನ್ ಇಳಿಯಿತು, ಕೆಲವರಿಗೆ ಮುಟ್ಟು ಮರಳಿತು. ಎರಡು ವರ್ಷಗಳ ನಂತರ ಅಮೆರಿಕದ ಜಾನ್ ನೆಸ್ಲರ್ ಮತ್ತು ವೆನೆಜುವೆಲಾದ ಡೇನಿಯೆಲಾ ಯಾಕುಬೋವಿಚ್, ಇನ್ಸುಲಿನ್ ಇಳಿದಾಗ ಅಂಡಾಶಯದಲ್ಲಿ ಆಂಡ್ರೋಜನ್ ತಯಾರಿಸುವ ಒಂದು ಮುಖ್ಯ ಕಿಣ್ವದ ಚಟುವಟಿಕೆಯೂ ಇಳಿಯುತ್ತದೆಂದು ತೋರಿಸಿದರು. ಇನ್ಸುಲಿನ್ ಈ ಕಾಯಿಲೆಯ ಜೊತೆಗಾರ ಮಾತ್ರವೇ ಅಥವಾ ಕಾರಣಗಳಲ್ಲಿ ಒಂದೇ ಎಂಬ ವಾದಕ್ಕೆ ಇದು ಸಾಕಷ್ಟು ಬಲವಾದ ಉತ್ತರವಾಗಿತ್ತು. ಔಷಧವೊಂದು ರೋಗದ ಕಾರ್ಯವಿಧಾನವನ್ನೇ ಬಯಲಿಗೆಳೆಯುವ ಇಂಥ ಸಂದರ್ಭಗಳು ವೈದ್ಯಕೀಯದಲ್ಲಿ ಮತ್ತೆ ಮತ್ತೆ ಸಿಗುವುದಿಲ್ಲ. 1998ರಲ್ಲಿ ಅದೇ ಗುಂಪು 61 ಮಂದಿ ಬೊಜ್ಜಿನ ಹೆಂಗಸರ ಅಧ್ಯಯನವನ್ನು ಪ್ರಕಟಿಸಿತು. ಅಂಡೋತ್ಸರ್ಗಕ್ಕೆಂದು ಕೊಡುವ ಕ್ಲೋಮಿಫೀನ್ ಎಂಬ ಹಳೆಯ ಔಷಧದ ಜೊತೆ ಮೆಟ್‌ಫಾರ್ಮಿನ್ ಪಡೆದ 21 ಮಂದಿಯಲ್ಲಿ 19 ಮಂದಿಗೆ ಅಂಡೋತ್ಸರ್ಗವಾಯಿತು, ಕ್ಲೋಮಿಫೀನ್ ಜೊತೆ ಬರಿಯ ಹುಸಿಗುಳಿಗೆ ಪಡೆದ 25 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ಇಷ್ಟು ದೊಡ್ಡ ಅಂತರವನ್ನು ಕಂಡ ಜಗತ್ತಿನ ಬಂಜೆತನ ಚಿಕಿತ್ಸಾಲಯಗಳು ಪಿಸಿಒಎಸ್ ಎಂದೊಡನೆ ಮೆಟ್‌ಫಾರ್ಮಿನ್ ಬರೆಯತೊಡಗಿದ್ದು ಆಶ್ಚರ್ಯವಲ್ಲ.

ಆ ಉತ್ಸಾಹದಲ್ಲಿ ಎರಡು ಸಂಗತಿಗಳು ಕಣ್ತಪ್ಪಿದವು. ಮೊದಲನೆಯದಾಗಿ, ಕ್ಲೋಮಿಫೀನ್ ಒಂದರಿಂದಲೇ ಅರ್ಧದಷ್ಟು ಮಂದಿಗಾದರೂ ಅಂಡೋತ್ಸರ್ಗವಾಗುವುದು ವಾಡಿಕೆಯಾಗಿರುವಾಗ ಹೋಲಿಕೆಯ ಗುಂಪಿನಲ್ಲಿ ಇಬ್ಬರಿಗೆ ಮಾತ್ರ ಆಗಿದ್ದು ಅಸಹಜವಾಗಿ ಕಡಿಮೆ. ಮೆಟ್‌ಫಾರ್ಮಿನ್‌ನ ಗೆಲುವು ಅಷ್ಟು ಎತ್ತರವಾಗಿ ಕಂಡದ್ದರಲ್ಲಿ ಎದುರಾಳಿಯ ಕುಗ್ಗುವಿಕೆಯ ಪಾಲೂ ಇತ್ತು. ಎರಡನೆಯದು ಇನ್ನೂ ಮುಖ್ಯ: ಅಲ್ಲಿ ಅಳೆದದ್ದು ಅಂಡೋತ್ಸರ್ಗವನ್ನು, ಚಿಕಿತ್ಸಾಲಯಕ್ಕೆ ಬಂದ ದಂಪತಿ ಬಯಸುವುದು ಮಗುವನ್ನು. ರಿಚರ್ಡ್ ಲೆಗ್ರೋ ಮತ್ತು ಸಂಗಡಿಗರು 626 ಮಂದಿಯನ್ನು ಮೂರು ಗುಂಪುಗಳಾಗಿ ಹಂಚಿ, ಜೀವಂತ ಮಗು ಹುಟ್ಟುವುದನ್ನೇ ಅಳತೆಗೋಲಾಗಿ ಇಟ್ಟುಕೊಂಡು ನಡೆಸಿದ ಅಧ್ಯಯನ 2007ರಲ್ಲಿ ಹೊರಬಂದಾಗ ಚಿತ್ರ ಬೇರೆಯಾಯಿತು. ಕ್ಲೋಮಿಫೀನ್ ಪಡೆದವರಲ್ಲಿ ಶೇ. 22.5 ಮಂದಿಗೆ ಮಕ್ಕಳಾದವು, ಎರಡನ್ನೂ ಪಡೆದವರಲ್ಲಿ ಶೇ. 26.8, ಮೆಟ್‌ಫಾರ್ಮಿನ್ ಒಂದನ್ನೇ ಪಡೆದವರಲ್ಲಿ ಕೇವಲ ಶೇ. 7.2. ಎರಡನ್ನೂ ಪಡೆದವರಿಗೂ ಕ್ಲೋಮಿಫೀನ್ ಮಾತ್ರ ಪಡೆದವರಿಗೂ ನಡುವಿನ ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಟ್ಟಿಯಾಗಿರಲಿಲ್ಲ. ಲೆಟ್ರೋಜೋಲ್ ಎಂಬ ಮತ್ತೊಂದು ಔಷಧ ಕ್ಲೋಮಿಫೀನ್‌ಗಿಂತ ಮೇಲೆಂದು ಅದೇ ಲೆಗ್ರೋ ಗುಂಪು 2014ರಲ್ಲಿ ತೋರಿಸಿದ ಮೇಲೆ ಅಂಡೋತ್ಸರ್ಗ ತರಿಸುವ ಮೊದಲ ಆಯ್ಕೆ ಅದೇ ಆಗಿದೆ. ಭಾರತದಲ್ಲಿ ಬಂಜೆತನಕ್ಕೆ ಅದರ ಬಳಕೆಯನ್ನು ಸರ್ಕಾರ 2011ರಲ್ಲಿ ನಿಷೇಧಿಸಿ ಆಮೇಲೆ ಹಿಂತೆಗೆದುಕೊಂಡದ್ದು ಬೇರೆಯದೇ ಕತೆ.

ಹಾಗಾದರೆ ಮೆಟ್‌ಫಾರ್ಮಿನ್‌ನ ಜಾಗ ಯಾವುದು? ಅದು ಫಲವಂತಿಕೆಯ ಔಷಧವೆನ್ನುವುದಕ್ಕಿಂತ ಚಯಾಪಚಯದ, ಅಂದರೆ ದೇಹ ಆಹಾರವನ್ನು ಶಕ್ತಿಯಾಗಿ ಬಳಸುವ ವ್ಯವಸ್ಥೆಯ ಔಷಧವೆನ್ನುವುದು ಹೆಚ್ಚು ಸರಿ. ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿರುವವರಲ್ಲಿ ಇನ್ಸುಲಿನ್, ಸಕ್ಕರೆ, ಕೊಲೆಸ್ಟರಾಲ್‌ಗಳ ಸುಧಾರಣೆಗೆ 2023ರ ಮಾರ್ಗಸೂಚಿ ಅದನ್ನು ಶಿಫಾರಸು ಮಾಡುತ್ತದೆ, ಅದಕ್ಕಿಂತ ತೆಳ್ಳಗಿರುವವರಲ್ಲಿ ಪುರಾವೆ ಕಡಿಮೆಯೆಂದು ಒಪ್ಪಿಕೊಂಡೇ ಪರಿಗಣಿಸಬಹುದೆನ್ನುತ್ತದೆ. ತೂಕ ಇಳಿದರೂ ಸರಾಸರಿ ಒಂದೆರಡು ಕಿಲೋಗಿಂತ ಹೆಚ್ಚಿನ ನಿರೀಕ್ಷೆ ಬೇಡ. ಮುಟ್ಟು ಕೆಲವರಲ್ಲಿ ಕೆಲವು ತಿಂಗಳೊಳಗೆ ಕ್ರಮಕ್ಕೆ ಬರುತ್ತದೆ. ಮುಖದ ಕೂದಲಿನ ಮಟ್ಟಿಗೆ ಅದು ದುರ್ಬಲ ಔಷಧ: ಕೂದಲಿನ ಬೆಳವಣಿಗೆಯ ಚಕ್ರವೇ ನಿಧಾನವಾದ್ದರಿಂದ ಯಾವ ಔಷಧಕ್ಕಾದರೂ ಕನಿಷ್ಠ ಆರು ತಿಂಗಳು ಬೇಕು, ಆ ಕೆಲಸಕ್ಕೆ ಗರ್ಭನಿರೋಧಕ ಹಾರ್ಮೋನ್ ಗುಳಿಗೆಗಳೇ ಮೇಲು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಮುಟ್ಟಾಗದೆ ಉಳಿಯುವವರಲ್ಲಿ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆದು ಮುಂದೆ ತೊಂದರೆಗೆ ದಾರಿಯಾಗುವ ಅಪಾಯವಿರುವುದರಿಂದ ಮೆಟ್‌ಫಾರ್ಮಿನ್‌ನಿಂದ ಮುಟ್ಟು ಮರಳದಿದ್ದರೆ ಹಾರ್ಮೋನ್ ಕೊಟ್ಟಾದರೂ ಮುಟ್ಟು ತರಿಸಬೇಕಾಗುತ್ತದೆ; ಎರಡೂ ಔಷಧಗಳನ್ನು ಜೊತೆಯಾಗಿ ಕೊಡುವುದೂ ಉಂಟು. ಇನ್ನು, ಅಂಡೋತ್ಸರ್ಗ ಮೊದಲು ಮರಳುತ್ತದೆ, ಮುಟ್ಟು ಬರುವುದು ಅದಾದ ಎರಡು ವಾರಕ್ಕೆ. ಮುಟ್ಟೇ ಇಲ್ಲದ ತನಗೆ ಗರ್ಭ ನಿಲ್ಲಲಾರದೆಂದು ನಂಬಿದ್ದವಳು ಈ ಗುಳಿಗೆ ಶುರುಮಾಡಿದ ಮೇಲೆ ಒಂದೂ ಮುಟ್ಟು ಕಾಣದೆಯೇ ಗರ್ಭಿಣಿಯಾಗಬಹುದು. ಇದನ್ನು ಮೊದಲೇ ಹೇಳದಿರುವುದು ವೈದ್ಯರ ಲೋಪವೆಂದೇ ಎಣಿಸಬೇಕು.

ನಡಿಗೆ ಮತ್ತು ಊಟದ ಮಾತನ್ನು ಉಪದೇಶವೆಂದು ತಳ್ಳಿಹಾಕುವವರು ಗಮನಿಸಬೇಕಾದ ಒಂದು ಅಂಶವಿದೆ. ಸಂಕುಚಿಸುತ್ತಿರುವ ಸ್ನಾಯು ಇನ್ಸುಲಿನ್‌ನ ಅಪ್ಪಣೆಯಿಲ್ಲದೆಯೇ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳಬಲ್ಲದು, ಅಂದರೆ ಕೆಟ್ಟಿರುವ ಮಾರ್ಗವನ್ನು ಬಿಟ್ಟು ಬೇರೊಂದು ಮಾರ್ಗದಿಂದ ಕೆಲಸ ಸಾಧಿಸುತ್ತದೆ. ಮೆಟ್‌ಫಾರ್ಮಿನ್ ಯಕೃತ್ತಿನ ಕಡೆಯಿಂದ ಮಾಡುವುದನ್ನು ವ್ಯಾಯಾಮ ಸ್ನಾಯುವಿನ ಕಡೆಯಿಂದ ಮಾಡುತ್ತದೆ. ಮಧುಮೇಹದ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ಒಳಗೊಂಡ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಮಧುಮೇಹದ ಸಾಧ್ಯತೆಯನ್ನು ಶೇ. 31ರಷ್ಟು ತಗ್ಗಿಸಿತು, ಊಟ ಮತ್ತು ನಡಿಗೆಯ ಬದಲಾವಣೆ ಶೇ. 58ರಷ್ಟು.

ಗುಳಿಗೆ ಬಿಡಲು ಅತಿ ಸಾಮಾನ್ಯ ಕಾರಣ ಹೊಟ್ಟೆ. ಮೊದಲ ವಾರಗಳಲ್ಲಿ ವಾಕರಿಕೆ, ಹೊಟ್ಟೆಯುಬ್ಬರ, ಭೇದಿ, ಬಾಯಲ್ಲಿ ಲೋಹದ ರುಚಿ ಅನೇಕರನ್ನು ಕಾಡುತ್ತವೆ, ಪೂರ್ತಿ ಪ್ರಮಾಣದಲ್ಲಿ ಒಮ್ಮೆಗೇ ಆರಂಭಿಸಿದರಂತೂ ಬಸ್ಸಿನಲ್ಲಿ ಕಾಲೇಜಿಗೋ ಕೆಲಸಕ್ಕೋ ಹೋಗುವವಳಿಗೆ ಅದು ಸಣ್ಣ ತೊಂದರೆಯಲ್ಲ. ರಾತ್ರಿಯ ಊಟದ ನಡುವೆ ಅಥವಾ ಊಟವಾದ ಕೂಡಲೇ 500 ಮಿಲಿಗ್ರಾಂನಿಂದ ಆರಂಭಿಸಿ, ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಏರಿಸುತ್ತ ದಿನಕ್ಕೆ 1500ರಿಂದ 2000 ಮಿಲಿಗ್ರಾಂ ತಲುಪುವುದು ವೈದ್ಯರು ಅನುಸರಿಸುವ ಕ್ರಮ. ನಿಧಾನವಾಗಿ ಕರಗುವ ಎಸ್‌ಆರ್ ಅಥವಾ ಎಕ್ಸ್‌ಆರ್ ಎಂದು ಗುರುತಿಸಿದ ಗುಳಿಗೆಗಳು ಹೊಟ್ಟೆಗೆ ಹೆಚ್ಚು ಹಿತ. ಅವನ್ನು ಮುರಿಯದೆ, ಜಗಿಯದೆ ನುಂಗಬೇಕು, ಔಷಧವೆಲ್ಲ ಸೋರಿಹೋದ ಮೇಲೆ ಉಳಿಯುವ ಮೆತ್ತನೆಯ ಚಿಪ್ಪು ಕೆಲವೊಮ್ಮೆ ಗುಳಿಗೆಯ ಆಕಾರದಲ್ಲಿಯೇ ಮಲದಲ್ಲಿ ಹೊರಬಂದು ಔಷಧ ಜೀರ್ಣವೇ ಆಗಿಲ್ಲವೆಂಬ ಗಾಬರಿ ಹುಟ್ಟಿಸುವುದುಂಟು. ಫೆನ್‌ಫಾರ್ಮಿನ್‌ನ ಕಳಂಕವಾದ ಲ್ಯಾಕ್ಟಿಕ್ ಆಮ್ಲದ ಅಪಾಯ ಮೆಟ್‌ಫಾರ್ಮಿನ್‌ನಲ್ಲಿ ಅತಿ ವಿರಳ, ಆದರೆ ಔಷಧ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ಮೂತ್ರಪಿಂಡ ತೀರ ದುರ್ಬಲವಾಗಿರುವವರಿಗೆ ಇದನ್ನು ಕೊಡುವುದಿಲ್ಲ, ತೀವ್ರ ವಾಂತಿಭೇದಿಯಿಂದ ಮೈಯ ನೀರು ಬತ್ತಿದಾಗ ಕೆಲವು ದಿನ ನಿಲ್ಲಿಸಲು ಹೇಳುತ್ತಾರೆ. ಕರುಳಿನ ಕೊನೆಯ ಭಾಗದಲ್ಲಿ ಬಿ12 ಜೀವಸತ್ವ ಹೀರಲ್ಪಡುವುದಕ್ಕೆ ಈ ಗುಳಿಗೆ ಅಡ್ಡಿ ಮಾಡುತ್ತದೆ. ಹಾಲು ಮೊಸರು ಬಿಟ್ಟರೆ ಬಿ12 ಸಿಗುವ ಬೇರೆ ಆಹಾರವಿಲ್ಲದ ಸಸ್ಯಾಹಾರಿ ಮನೆಗಳಲ್ಲಿ ಮೊದಲೇ ಕಡಿಮೆಯಿರುವ ಸಂಗ್ರಹ ವರ್ಷಗಳ ಬಳಕೆಯಲ್ಲಿ ಇನ್ನೂ ಕುಸಿಯಬಹುದು, ಪಾದಗಳಲ್ಲಿ ಜುಮುಜುಮು, ನಿಶ್ಶಕ್ತಿ, ರಕ್ತಹೀನತೆ ಕಾಣಿಸಬಹುದು. ಆಗಾಗ ಬಿ12 ಪರೀಕ್ಷಿಸಿ ಕೊರತೆಯನ್ನು ತುಂಬುವುದು ಕಷ್ಟವಲ್ಲ, ಕೇಳುವವರಿಲ್ಲದೆ ಅದು ಬಿಟ್ಟುಹೋಗುತ್ತದೆ ಅಷ್ಟೇ.

ಇನ್ಸುಲಿನ್ ಪ್ರತಿರೋಧವನ್ನು ತಗ್ಗಿಸುವ ಬೇರೆ ಔಷಧಗಳೂ ಈ ದಾರಿಯಲ್ಲಿ ನಡೆದುಹೋಗಿವೆ. ಟ್ರೋಗ್ಲಿಟಜೋನ್ ಪಿಸಿಒಎಸ್‌ನಲ್ಲಿ ಒಳ್ಳೆಯ ಫಲಿತಾಂಶ ಕೊಡುತ್ತಿದ್ದಾಗಲೇ ಯಕೃತ್ತಿಗೆ ವಿಷವಾಗಿ ಪರಿಣಮಿಸಿ 2000ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಮಾಯವಾಯಿತು, ಅದರ ಸೋದರ ಪಯೋಗ್ಲಿಟಜೋನ್ ತೂಕ ಹೆಚ್ಚಿಸುವುದರಿಂದ ಇಲ್ಲಿ ಮೆಚ್ಚುಗೆ ಗಳಿಸಲಿಲ್ಲ. ಔಷಧದಂಗಡಿಗಳಲ್ಲಿ ಪುಡಿಯ ಪೊಟ್ಟಣಗಳಾಗಿ ಮಾರಾಟವಾಗುವ ಇನಾಸಿಟಾಲ್, ಜೀವಕೋಶದೊಳಗೆ ಇನ್ಸುಲಿನ್‌ನ ಸಂದೇಶವನ್ನು ಸಾಗಿಸುವ ವಸ್ತುಗಳಲ್ಲಿ ಒಂದು. ಅದು ಹೊಟ್ಟೆಗೆ ತೊಂದರೆ ಕೊಡುವುದು ಕಡಿಮೆ ಎಂಬುದು ನಿಜ, ಮೆಟ್‌ಫಾರ್ಮಿನ್‌ನಷ್ಟು ಗಟ್ಟಿಯಾದ ಪುರಾವೆ ಅದಕ್ಕಿಲ್ಲವೆಂಬುದೂ ನಿಜ, ಪೊಟ್ಟಣದ ಬೆಲೆ ಮೆಟ್‌ಫಾರ್ಮಿನ್‌ನ ಹಲವು ಪಟ್ಟು ಎಂಬುದನ್ನು ಕೊಳ್ಳುವವರು ತಾವೇ ಬಲ್ಲರು.

ಗರ್ಭ ನಿಂತ ಮೇಲೆ ಗುಳಿಗೆ ಮುಂದುವರಿಸಬೇಕೇ ಎಂಬ ಪ್ರಶ್ನೆಗೆ ನಾರ್ವೆಯ ವೈದ್ಯರ ಗುಂಪೊಂದು ವರ್ಷಗಳ ಕಾಲ ಉತ್ತರ ಹುಡುಕಿದೆ. ನಾರ್ವೆ, ಸ್ವೀಡನ್ ಮತ್ತು ಐಸ್‌ಲ್ಯಾಂಡ್‌ಗಳ 487 ಗರ್ಭಿಣಿಯರನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಅವರ ಅಧ್ಯಯನವನ್ನು ಹಿಂದಿನ ಎರಡರ ಜೊತೆ ಕೂಡಿಸಿ ನೋಡಿದಾಗ, ಮೂರು ತಿಂಗಳು ದಾಟಿದ ಮೇಲಿನ ಗರ್ಭಪಾತ ಮತ್ತು ಅವಧಿಪೂರ್ವ ಹೆರಿಗೆಗಳು ಮೆಟ್‌ಫಾರ್ಮಿನ್ ಪಡೆದವರಲ್ಲಿ ಸುಮಾರು ಅರ್ಧಕ್ಕಿಳಿದಿದ್ದವು, ಗರ್ಭಿಣಿಯರ ಮಧುಮೇಹ ಮಾತ್ರ ಎಲ್ಲರೂ ನಿರೀಕ್ಷಿಸಿದ್ದಕ್ಕೆ ವಿರುದ್ಧವಾಗಿ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಮೆಟ್‌ಫಾರ್ಮಿನ್ ಮಾಸುಚೀಲವನ್ನು ದಾಟಿ ಭ್ರೂಣವನ್ನು ತಲುಪುತ್ತದೆ. ಇದರಿಂದ ಅಂಗವಿಕಲತೆ ಹೆಚ್ಚುವುದು ಕಂಡುಬಂದಿಲ್ಲವಾದರೂ, ಗರ್ಭದಲ್ಲಿ ಈ ಔಷಧಕ್ಕೆ ಒಡ್ಡಿಕೊಂಡ ಮಕ್ಕಳನ್ನು ಐದರಿಂದ ಹತ್ತು ವರ್ಷದ ವಯಸ್ಸಿನಲ್ಲಿ ಮತ್ತೆ ಅಳೆದು ನೋಡಿದಾಗ ಅವರ ಬಿಎಂಐ ಇತರ ಮಕ್ಕಳಿಗಿಂತ ಹೆಚ್ಚಾಗಿತ್ತು. ಆದ್ದರಿಂದ ಈಗಿನ ಮಾರ್ಗಸೂಚಿ ಗರ್ಭಿಣಿಯರಿಗೆಲ್ಲ ಇದನ್ನು ಕೊಡಬೇಕೆನ್ನುವುದಿಲ್ಲ; ಅವಧಿಪೂರ್ವ ಹೆರಿಗೆಯ ಸಾಧ್ಯತೆ ಇರುವಂಥವರಲ್ಲಿ, ಮಕ್ಕಳ ತೂಕದ ವಿಷಯವನ್ನು ತಾಯಿಗೆ ತಿಳಿಸಿಯೇ, ಮುಂದುವರಿಸುವುದನ್ನು ವೈದ್ಯರು ಯೋಚಿಸುತ್ತಾರೆ, ಉಳಿದವರಲ್ಲಿ ಗರ್ಭ ಖಚಿತವಾದ ಮೇಲೆ ಅಥವಾ ಮೊದಲ ಮೂರು ತಿಂಗಳ ಕೊನೆಯಲ್ಲಿ ನಿಲ್ಲಿಸುವುದು ರೂಢಿ.